ಏರು ಎಳೆದೀತು, ಇಳಿಜಾರು ತಡೆದೀತೇ?

ಫೋರ್ಡ್, ರಾಮ್, ಶೆವರ್ಲೆ. ಅಮೆರಿಕದ ಈ ಮೂರು ಭಾರೀ ಡೀಸೆಲ್ ಪಿಕಪ್‌ಗಳ ನಡುವೆ ದಶಕಗಳಿಂದ ಅಂಕಿಗಳ ಸಮರ. ಎಳೆಯುವ ತಾಕತ್ತು ಈಗ 18 ಟನ್ ಮುಟ್ಟಿದೆ. ಆದರೆ ಈ ದೈತ್ಯರನ್ನು ರಸ್ತೆಬದಿಯಲ್ಲಿ ಮಲಗಿಸಲು ಬೆರಳ ಗಾತ್ರದ ಒಂದು ಬಿಡಿಭಾಗ ಸಾಕು!

ಜುಲೈ ತಿಂಗಳ ನಡುಮಧ್ಯಾಹ್ನ. ಕೊಲರಾಡೊ ನದಿಗೆ ಅಡ್ಡಲಾಗಿ ನಿಂತ ಡೇವಿಸ್ ಅಣೆಕಟ್ಟಿನ ಪಕ್ಕದಲ್ಲಿ ಅರಿಜೋನಾದ ಬುಲ್‌ಹೆಡ್ ಸಿಟಿ ಬೇಯುತ್ತಿದೆ. ನದಿಯಂಚಿನಿಂದ ಹೊರಟ 68ನೇ ಹೆದ್ದಾರಿ ಬೋಳು ಬೆಟ್ಟಗಳ ಕಡೆಗೆ ಒಂದೇ ಸಮನೆ ಏರುತ್ತದೆ. ಆ ಏರಿನಲ್ಲಿ ಒಂದು ಪಿಕಪ್; ಅದರ ಬೆನ್ನಿಗೆ ತೂಕದ ಕಲ್ಲುಗಳಿಂದ ತುಂಬಿದ ಉದ್ದನೆಯ ಟ್ರೇಲರ್. ರೇಡಿಯೇಟರ್ ಫ್ಯಾನಿನ ಮೊರೆತ ಅರ್ಧ ಮೈಲಿ ದೂರಕ್ಕೂ ಕೇಳಿಸುತ್ತದೆ. ಒಳಗೆ ಚಾಲಕ ಎ.ಸಿ.ಯನ್ನು ಕೊನೆಯ ಅಂಕಿಗೆ ತಿರುಗಿಸಿಟ್ಟಿದ್ದಾನೆ. ತನ್ನ ಸುಖಕ್ಕಲ್ಲ, ನಿಯಮವೇ ಹಾಗಿದೆ.

ಹೊರಗಿನ ಶಾಖ ಕನಿಷ್ಠ 38 ಡಿಗ್ರಿ ಸೆಲ್ಸಿಯಸ್ ಇರಬೇಕು. ಸುಮಾರು 18 ಕಿ.ಮೀ. ಏರನ್ನು ಗಂಟೆಗೆ 64 ಕಿ.ಮೀ.ಗಿಂತ ಕಡಿಮೆಯಾಗದ ವೇಗದಲ್ಲಿ ಹತ್ತಬೇಕು. ಎಂಜಿನ್ ಕುದಿಯಬಾರದು, ಎಚ್ಚರಿಕೆಯ ದೀಪ ಹೊತ್ತಬಾರದು, ಯಾವ ಭಾಗವೂ ಮುರಿಯಬಾರದು. ದಾರಿ ಮುಗಿಯುವಷ್ಟರಲ್ಲಿ ವಾಹನ ಸುಮಾರು 900 ಮೀಟರ್ ಮೇಲೇರಿರುತ್ತದೆ. ತುಂಬಿದ ಲಾರಿಯ ಹಿಂದೆ ಸಿಕ್ಕಿಕೊಂಡು ಶಿರಾಡಿ ಘಾಟಿ ಹತ್ತಿದವರಿಗೆ ಈ ಏರು ಎಂಥದ್ದೆಂದು ಬಿಡಿಸಿ ಹೇಳಬೇಕಿಲ್ಲ.

ಅಮೆರಿಕದ ಪಿಕಪ್ ಜಾಹೀರಾತುಗಳಲ್ಲಿ ದಪ್ಪಕ್ಷರದಲ್ಲಿ ಮೆರೆಯುವ ‘ಎಳೆಯುವ ತಾಕತ್ತು’ ಎಂಬ ಅಂಕಿ ಹುಟ್ಟುವುದು ಇಂಥ ಪರೀಕ್ಷೆಯಲ್ಲಿ.

ಅಲ್ಲಿ ಬೇಸಿಗೆಯೆಂದರೆ ಟ್ರೇಲರ್‌ಗಳ ಕಾಲ. ಮೇ ಕೊನೆಯ ವಾರದಿಂದ ಸೆಪ್ಟೆಂಬರ್ ಮೊದಲ ವಾರದವರೆಗೆ ಹೆದ್ದಾರಿಗಳ ತುಂಬ ಚಕ್ರದ ಮೇಲಿನ ಮನೆಗಳು, ದೋಣಿಗಳು, ಕುದುರೆ ಸಾಗಿಸುವ ಗಾಡಿಗಳು. ಮಕ್ಕಳ ಮನೆಗೆಂದು ಟೆಕ್ಸಾಸಿಗೋ ಕೊಲರಾಡೊಗೋ ಹೋದ ನಮ್ಮೂರಿನ ಅಪ್ಪ ಅಮ್ಮಂದಿರು ಪಕ್ಕದ ಮನೆಯ ಮುಂದೆ ನಿಂತ, ಎದೆಮಟ್ಟ ಎತ್ತರದ ಬಾನೆಟ್ಟಿನ ಈ ವಾಹನವನ್ನು ಕಂಡು ಇದು ಕಾರೋ ಲಾರಿಯೋ ಎಂದು ಬೆರಗಾಗುವುದೂ ಈ ಬೇಸಿಗೆಯಲ್ಲೇ. ಎರಡೂ ಹೌದು. ಒಳಗೆ ತೊಗಲಿನ ಆಸನ, ಅಡಿಯಲ್ಲಿ ಲಾರಿಯ ಚಾಸಿ, ಮುಂದೆ ಲಾರಿಯದೇ ಎಂಜಿನ್.

ಟ್ರ್ಯಾಕ್ಟರಿನ ಎಂಜಿನ್, ಪಿಕಪ್ಪಿನ ಒಡಲು

ಕಥೆ ಆರಂಭವಾಗುವುದು ಸೋಲಿನಿಂದ. 1970ರ ದಶಕದ ಕೊನೆಯಲ್ಲಿ ಶೆವರ್ಲೆಯ ಒಡೆಯ ಜನರಲ್ ಮೋಟಾರ್ಸ್ (ಜಿಎಂ) ತನ್ನ ಓಲ್ಡ್ಸ್‌ಮೊಬೈಲ್ ಕಾರುಗಳಿಗೆ ಡೀಸೆಲ್ ಎಂಜಿನ್ ಕೂರಿಸಿತು. ಸಿಲಿಂಡರ್ ಹೆಡ್ಡಿನ ಬೋಲ್ಟುಗಳು ಒತ್ತಡ ತಾಳಲಿಲ್ಲ. ಇಂಧನಕ್ಕೆ ಸೇರಿದ ನೀರನ್ನು ಬೇರ್ಪಡಿಸುವ ವ್ಯವಸ್ಥೆಯೂ ಇರಲಿಲ್ಲ. ಕೆಟ್ಟು ನಿಂತ ಸಾವಿರಾರು ಕಾರುಗಳು ಡೀಸೆಲ್ ಎಂಬ ಹೆಸರಿಗೇ ಅಮೆರಿಕದ ಮಧ್ಯಮ ವರ್ಗ ಮುಖ ತಿರುಗಿಸುವಂತೆ ಮಾಡಿದವು. 1980ರ ದಶಕದಲ್ಲಿ ಫೋರ್ಡ್ ಮತ್ತು ಜಿಎಂ ಪಿಕಪ್‌ಗಳಿಗೂ ಡೀಸೆಲ್ ಬಂತು. ಟರ್ಬೊ ಇಲ್ಲದ, ನಿಧಾನದ, ಗದ್ದಲದ ಎಂಜಿನ್‌ಗಳು ಅವು.

ಮೂರನೆಯ ಕಂಪನಿ ಡಾಜ್ (ಇಂದಿನ ರಾಮ್) ಪಿಕಪ್ ಮಾರುಕಟ್ಟೆಯಲ್ಲಿ ಲೆಕ್ಕಕ್ಕೇ ಇಲ್ಲದಷ್ಟು ಹಿಂದಿತ್ತು. ಕಳೆದುಕೊಳ್ಳಲು ಏನೂ ಇಲ್ಲದವರ ಧೈರ್ಯ ಅದಕ್ಕಿತ್ತು. ಇಂಡಿಯಾನಾ ರಾಜ್ಯದ ಕೊಲಂಬಸ್ ಊರಿನ ಕಮ್ಮಿನ್ಸ್ ಕಂಪನಿ ಟ್ರ್ಯಾಕ್ಟರು, ಕೃಷಿ ಯಂತ್ರ, ಮಧ್ಯಮ ಗಾತ್ರದ ಲಾರಿಗಳಿಗೆಂದು ಮಾಡಿದ್ದ 5.9 ಲೀಟರಿನ, ಆರು ಸಿಲಿಂಡರುಗಳು ಒಂದೇ ಸಾಲಿನಲ್ಲಿ ನಿಂತ ಎಂಜಿನನ್ನು ಅದು ತನ್ನ ಪಿಕಪ್ಪಿನೊಳಗೆ ತುರುಕಿತು. 1989ರ ಮಾದರಿ. ಎಂಜಿನ್ ಒಂದೇ ಸುಮಾರು ಅರ್ಧ ಟನ್ ತೂಗುತ್ತಿತ್ತು. ಶಕ್ತಿ ಬರೀ 160 ಅಶ್ವಶಕ್ತಿ. ಆದರೆ ಟಾರ್ಕ್, ಎಂದರೆ ಚಕ್ರವನ್ನು ತಿರುಗಿಸುವ ಬಲ, 542 ನ್ಯೂಟನ್ ಮೀಟರ್. ಆಗಿನ ಪ್ರತಿಸ್ಪರ್ಧಿಗಳಲ್ಲಿ ಯಾರಿಗೂ ಇದು ಇರಲಿಲ್ಲ. ಟರ್ಬೊ ಇತ್ತು, ಇಂಧನ ನೇರವಾಗಿ ಸಿಲಿಂಡರಿನೊಳಕ್ಕೇ ಚಿಮ್ಮುತ್ತಿತ್ತು.

ರೈತರು, ಕುದುರೆ ಸಾಕುವವರು, ವೆಲ್ಡಿಂಗ್ ಗುತ್ತಿಗೆದಾರರು ಮುಗಿಬಿದ್ದರು.

ಈ ಎಂಜಿನ್ ನಮಗೂ ದೂರದ್ದಲ್ಲ. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು ಉದ್ಯಮಕ್ಕೆ ಕಾಲಿಟ್ಟ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನ 1962ರಲ್ಲಿ ಪುಣೆಯಲ್ಲಿ ಕಮ್ಮಿನ್ಸ್ ಜೊತೆ ಕೈಜೋಡಿಸಿತು. ಮದುವೆ ಛತ್ರದ ಹಿಂದೆ, ಅಪಾರ್ಟ್‌ಮೆಂಟಿನ ಮೂಲೆಯಲ್ಲಿ ಗುಡುಗುಟ್ಟುವ ಜನರೇಟರುಗಳ ಮೇಲೆ ನಾವು ಓದುವ ಹೆಸರು ಅದೇ. 1993ರಲ್ಲಿ ಜಮ್‌ಶೆಡ್‌ಪುರದಲ್ಲಿ ಟಾಟಾ ಕಮ್ಮಿನ್ಸ್ ಹುಟ್ಟಿತು. ಡಾಜ್ ಪಿಕಪ್ಪಿನಲ್ಲಿದ್ದ ಅದೇ 5.9 ಲೀಟರ್ ಕುಟುಂಬದ ಎಂಜಿನ್ ಟಾಟಾ ಲಾರಿಗಳಿಗೆ ಬಂತು. ಅಲ್ಲಿ ಒಂದು ಕುಟುಂಬದ ದೋಣಿ ಎಳೆಯುತ್ತಿದ್ದ ಎಂಜಿನಿನ ಸೋದರ ಇಲ್ಲಿ ಹತ್ತಾರು ಟನ್ ಸಿಮೆಂಟು, ಕಬ್ಬಿಣ ಹೊತ್ತು ಘಟ್ಟ ಏರುತ್ತಿತ್ತು. ಇದರ ಆಯುಸ್ಸಿನ ಗುಟ್ಟು ಇಲ್ಲಿದೆ: ಲಾರಿಯ ಹೊರೆಗೆಂದು ಕಡೆದ ಕಬ್ಬಿಣಕ್ಕೆ ಪಿಕಪ್ಪಿನ ಕೆಲಸ ವಿಶ್ರಾಂತಿಯಂತಿತ್ತು.

ಮೂವರ ಮೂರು ದಾರಿ

ಫೋರ್ಡ್ ಸುಮ್ಮನಿರಲಿಲ್ಲ. ನ್ಯಾವಿಸ್ಟಾರ್ ಕಂಪನಿಯಿಂದ ಮಾಡಿಸಿದ 7.3 ಲೀಟರಿನ ವಿ8 ಎಂಜಿನ್ ‘ಪವರ್ ಸ್ಟ್ರೋಕ್’ ಎಂಬ ಹೆಸರಿನಲ್ಲಿ 1994ರಲ್ಲಿ ಬಂತು. ಅದರ ಇಂಜೆಕ್ಟರುಗಳನ್ನು ಒತ್ತುತ್ತಿದ್ದುದು ಹೆಚ್ಚಿನ ಒತ್ತಡದ ಎಂಜಿನ್ ಆಯಿಲ್. ವಿಚಿತ್ರ ಏರ್ಪಾಡು, ಆದರೆ ಗಟ್ಟಿ. 2003ರವರೆಗೆ ನಡೆದ ಆ ಎಂಜಿನ್ನಿರುವ ಹಳೆಯ ಗಾಡಿಗಳಿಗೆ ಇಂದೂ ಒಳ್ಳೆಯ ಬೆಲೆ.

ಜಿಎಂ ಜಪಾನಿನ ಇಸುಜು ಜೊತೆ ಸೇರಿತು. ಒಹಾಯೊದ ಮೊರೇನ್ ಕಾರ್ಖಾನೆಯಿಂದ 2001ರ ಮಾದರಿಗೆ 6.6 ಲೀಟರಿನ ‘ಡ್ಯೂರಾಮ್ಯಾಕ್ಸ್’ ಹೊರಬಂತು. 300 ಅಶ್ವಶಕ್ತಿ, 705 ನ್ಯೂಟನ್ ಮೀಟರ್, ಜೊತೆಗೆ ಅಲಿಸನ್ ಕಂಪನಿಯ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಅಲ್ಲಿಯವರೆಗೆ ಡೀಸೆಲ್ ಪಿಕಪ್ ಎಂದರೆ ಕಿವಿಗೆ ಹತ್ತಿ ಇಟ್ಟುಕೊಳ್ಳಬೇಕಾದ ಯಂತ್ರ. ಡ್ಯೂರಾಮ್ಯಾಕ್ಸ್ ಮೊದಲ ಬಾರಿಗೆ ಹೆಂಡತಿ ಮಕ್ಕಳೂ ಗೊಣಗದೆ ಕೂರುವಂಥ ಡೀಸೆಲ್ ಕೊಟ್ಟಿತು.

ಅಲ್ಲಿಂದ ಶುರುವಾಯಿತು ಅಂಕಿಗಳ ಓಟ. ಒಬ್ಬರು ಟಾರ್ಕ್ ಏರಿಸಿದರೆ ಮರುವರ್ಷ ಇನ್ನೊಬ್ಬರು. 2021ರ ಮಾದರಿಯ ರಾಮ್ 3500 (ಡಾಜ್ ಪಿಕಪ್ ಈಗ ರಾಮ್ ಎಂಬ ಸ್ವತಂತ್ರ ಬ್ರ್ಯಾಂಡ್) 1,458 ನ್ಯೂಟನ್ ಮೀಟರ್ ತಲುಪಿತು. 2023ರಲ್ಲಿ ಫೋರ್ಡ್ 500 ಅಶ್ವಶಕ್ತಿ, 1,627 ನ್ಯೂಟನ್ ಮೀಟರ್ ಎಂದು ಸವಾಲೆಸೆಯಿತು. 2024ರ ಡ್ಯೂರಾಮ್ಯಾಕ್ಸ್ 470 ಅಶ್ವಶಕ್ತಿಗೂ 1,322 ನ್ಯೂಟನ್ ಮೀಟರಿಗೂ ನಿಂತಿದೆ. ಬಿಡದಿಯ ಕಾರ್ಖಾನೆಯಿಂದ ಹೊರಬರುವ ಟೊಯೊಟ ಹೈಲಕ್ಸ್ ಪಿಕಪ್ಪಿನ ಡೀಸೆಲ್ ಎಂಜಿನ್ ಕೊಡುವ ಗರಿಷ್ಠ ಟಾರ್ಕ್ 500 ನ್ಯೂಟನ್ ಮೀಟರ್. ಫೋರ್ಡಿನದು ಅದರ ಮೂರು ಪಟ್ಟಿಗಿಂತ ಹೆಚ್ಚು!

ಬಾಕ್ಸ್: ಪರೀಕ್ಷೆ ಎಂದರೆ ಇದು

2008ರವರೆಗೆ ಎಳೆಯುವ ತಾಕತ್ತನ್ನು ಪ್ರತಿ ಕಂಪನಿ ತನಗೆ ತೋಚಿದಂತೆ ಅಳೆದುಕೊಳ್ಳುತ್ತಿತ್ತು. ಆ ವರ್ಷ ಅಮೆರಿಕದ ವಾಹನ ಎಂಜಿನಿಯರುಗಳ ಸಂಘ ಎಸ್‌ಎಇ ‘ಜೆ2807’ ಎಂಬ ಮಾನದಂಡ ಹೊರಡಿಸಿತು. ಮೊದಲು ಒಪ್ಪಿಕೊಂಡದ್ದು ಟೊಯೊಟ. ಅಮೆರಿಕದ ಮೂರು ಕಂಪನಿಗಳು ಕೆಲವು ವರ್ಷ ಮೀನಮೇಷ ಎಣಿಸಿ ಆಮೇಲೆ ಒಪ್ಪಿದವು.

• ಡೇವಿಸ್ ಅಣೆಕಟ್ಟಿನ ಏರು: ಕನಿಷ್ಠ ವೇಗ ಗಂಟೆಗೆ 64 ಕಿ.ಮೀ.; ಹಿಂದೆ ನಾಲ್ಕು ಚಕ್ರಗಳಿರುವ ‘ಡ್ಯೂಯಲಿ’ಗೆ 56 ಕಿ.ಮೀ.

• ನಿಂತಲ್ಲಿಂದ ಗಂಟೆಗೆ 96 ಕಿ.ಮೀ. ವೇಗಕ್ಕೆ 30 ಸೆಕೆಂಡು; ಡ್ಯೂಯಲಿಗೆ 35.

• ಶೇ 12ರ ಏರಿನಲ್ಲಿ ನಿಂತು, ಐದು ನಿಮಿಷದೊಳಗೆ ಐದು ಸಲ ಸುಮಾರು ಐದು ಮೀಟರ್ ಮುಂದಕ್ಕೆ ಹೊರಡಬೇಕು. ಹಿಮ್ಮುಖವಾಗಿಯೂ ಅಷ್ಟೇ ಸಲ.

40,000 ಪೌಂಡ್ ಯಾರಿಗೆ?

ಫೋರ್ಡ್ ಹೇಳುವ ಗರಿಷ್ಠ ಅಂಕಿ 40,000 ಪೌಂಡ್, ಅಂದರೆ 18 ಟನ್ನಿಗೂ ತುಸು ಹೆಚ್ಚು. ರಾಮ್ ಮತ್ತು ಜಿಎಂ 16ರಿಂದ 17 ಟನ್ ನಡುವೆ ಇವೆ. ಕೇಳಲು ರೋಮಾಂಚನ. ಆದರೆ ಆ 18 ಟನ್ ಒಂದು ನಿರ್ದಿಷ್ಟ ಸಜ್ಜಿನ ಎಫ್-450 ಡ್ಯೂಯಲಿಗೆ ಮಾತ್ರ, ಅದೂ ಹಿಂದಿನ ತೊಟ್ಟಿಯ ನಡುವೆ ಕೊಕ್ಕೆ ಹಾಕುವ ಗೂಸ್‌ನೆಕ್ ಟ್ರೇಲರಿಗೆ. ಪಕ್ಕದ ಮನೆಯವರು ಕೊಂಡ ಎಫ್-250ಕ್ಕೆ ಆ ಜಾಹೀರಾತಿನ ಅಂಕಿ ಅನ್ವಯಿಸುವುದೇ ಇಲ್ಲ. ಮೇಲಾಗಿ, ವ್ಯಾಪಾರಕ್ಕೆ ಎಳೆಯುವವರ ಗಾಡಿ ಮತ್ತು ಟ್ರೇಲರಿನ ಒಟ್ಟು ಅನುಮತಿತ ತೂಕ 26,001 ಪೌಂಡ್, ಅಂದರೆ 11.8 ಟನ್ ತಲುಪಿ, ಟ್ರೇಲರಿನದು 10,000 ಪೌಂಡ್ ದಾಟಿದರೆ ಲಾರಿ ಚಾಲಕರ ‘ಎ’ ದರ್ಜೆಯ ಲೈಸೆನ್ಸ್ ಬೇಕು.

ಹೊಸಬರು ಎಡವುವುದು ಇನ್ನೊಂದು ಕಡೆ. ಟ್ರೇಲರನ್ನು ಎಳೆಯುವುದು ಬೇರೆ, ಅದರ ಭಾರ ಹೊರುವುದು ಬೇರೆ. ತೊಟ್ಟಿಯೊಳಗೆ ಕೂರುವ ‘ಫಿಫ್ತ್ ವ್ಹೀಲ್’ ಟ್ರೇಲರ್ ತನ್ನ ತೂಕದ ಶೇ 15ರಿಂದ 25ರಷ್ಟನ್ನು ಪಿಕಪ್ಪಿನ ಬೆನ್ನಿಗೆ ಹೇರುತ್ತದೆ. 14,000 ಪೌಂಡಿನ, ಸಾಧಾರಣವೆನ್ನಬಹುದಾದ ಒಂದು ಟ್ರೇಲರ್ ತೆಗೆದುಕೊಳ್ಳಿ. ಶೇ 20 ಎಂದರೂ ಬೆನ್ನಿಗೆ ಬೀಳುವುದು 2,800 ಪೌಂಡ್. ಈಗ ಎಲ್ಲ ಸೌಕರ್ಯ ತುಂಬಿದ, ನಾಲ್ಕು ಬಾಗಿಲಿನ, ಡೀಸೆಲ್ ಎಂಜಿನ್ನಿನ, ಒಟ್ಟು 10,000 ಪೌಂಡಿನ ಮಿತಿಯಿರುವ ಗಾಡಿಯನ್ನು ನೋಡಿ. ಅದರ ಸ್ವಂತ ತೂಕವೇ 7,500ರಿಂದ 8,000 ಪೌಂಡ್. ಹೊರಲು ಉಳಿಯುವುದು 2,000, ಹೆಚ್ಚೆಂದರೆ 2,500. ಮನೆಮಂದಿ ಇನ್ನೂ ಹತ್ತಿಲ್ಲ, ಕೊಕ್ಕೆಯ ತೂಕ ಸೇರಿಲ್ಲ, ಆಗಲೇ ಗಾಡಿ ಮಿತಿ ಮೀರಿದೆ.

ವಿಪರ್ಯಾಸವೆಂದರೆ ಡೀಸೆಲ್ ಎಂಜಿನ್ ಭಾರವಾದಷ್ಟೂ, ಕ್ಯಾಬಿನ್ ಐಷಾರಾಮಿಯಾದಷ್ಟೂ ಹೊರುವ ಶಕ್ತಿ ಇಳಿಯುತ್ತದೆ. ದುಬಾರಿ ಮಾದರಿ ಕೊಂಡವರಿಗೆ ಕಡಿಮೆ ಹೊರೆ! ಇಂಥ ಟ್ರೇಲರಿಗೆ ಫೋರ್ಡಿನ 250 ಅಥವಾ ಉಳಿದಿಬ್ಬರ 2500 ದರ್ಜೆ ಸಾಲದು. 350 ಅಥವಾ 3500 ದರ್ಜೆಯೇ ಬೇಕು.

ಏರಿಗಿಂತ ಇಳಿಜಾರು

ಡೆನ್ವರ್ ನಗರದ ಪಶ್ಚಿಮಕ್ಕೆ ರಾಕಿ ಪರ್ವತಗಳ ನಡುವೆ 70ನೇ ಅಂತರರಾಜ್ಯ ಹೆದ್ದಾರಿ ಐಸೆನ್‌ಹೋವರ್ ಸುರಂಗವನ್ನು ಹೊಕ್ಕು ಹೊರಬರುತ್ತದೆ. ಎತ್ತರ 3,401 ಮೀಟರ್. ಡಿಲನ್ ಕಡೆಯಿಂದ ಸುರಂಗದವರೆಗಿನ ಸುಮಾರು 13 ಕಿ.ಮೀ. ಶೇ 7ರವರೆಗಿನ ಏರು. ಅಮೆರಿಕದ ವಾಹನ ಬರಹಗಾರರಿಗೆ ಇದೇ ಪರೀಕ್ಷಾ ಮೈದಾನ. ಗಾಳಿ ತೆಳುವಾದ ಈ ಎತ್ತರದಲ್ಲಿ ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ ಏದುಸಿರು ಬಿಡುತ್ತದೆ. ಟರ್ಬೊ ಇರುವ ಡೀಸೆಲ್ಲಿಗೆ ಅಷ್ಟು ತೊಂದರೆಯಿಲ್ಲ. ಇಂದಿನ ಮೂರೂ ಪಿಕಪ್‌ಗಳು ಈ ಏರನ್ನು ನೀರು ಕುಡಿದಷ್ಟು ಸಲೀಸಾಗಿ ಹತ್ತುತ್ತವೆ.

ಕಷ್ಟ ಇರುವುದು ವಾಪಸು ಬರುವಾಗ.

ಘಾಟಿ ಇಳಿಯುವಾಗ ‘ಗೇರಿನಲ್ಲೇ ಇಳಿಸು, ಬ್ರೇಕ್ ಸುಡಬೇಡ’ ಎಂದು ನಮ್ಮ ಲಾರಿ ಡ್ರೈವರುಗಳು ಕ್ಲೀನರಿಗೆ ಕಲಿಸುವ ಮೊದಲ ಪಾಠ ಅಲ್ಲೂ ಮೊದಲ ಪಾಠವೇ. ಆದರೆ ಡೀಸೆಲ್ ಎಂಜಿನ್ನಿಗೆ ಪೆಟ್ರೋಲಿನಂತೆ ಗಾಳಿಯ ದಾರಿ ಮುಚ್ಚುವ ಬಾಗಿಲಿಲ್ಲ. ಕಾಲು ತೆಗೆದರೂ ಅದು ಗಾಡಿಯನ್ನು ಅಷ್ಟಾಗಿ ಹಿಡಿದು ನಿಲ್ಲಿಸದು. ಇದಕ್ಕೆ ಮದ್ದು ಎಕ್ಸಾಸ್ಟ್ ಬ್ರೇಕ್. ಟರ್ಬೊದೊಳಗಿನ ರೆಕ್ಕೆಗಳು ಮುಚ್ಚಿಕೊಂಡು ಹೊಗೆಯ ದಾರಿಯನ್ನು ಇಕ್ಕಟ್ಟಾಗಿಸುತ್ತವೆ, ಎಂಜಿನ್ ತನ್ನ ಉಸಿರಿಗೇ ತಾನು ತಡೆಯಾಗುತ್ತದೆ. ಈ ವರ್ಗದಲ್ಲಿ ಕಾರ್ಖಾನೆಯಿಂದಲೇ ಇದನ್ನು ಟರ್ಬೊದೊಳಗೆ ಅಡಕಮಾಡಿ ಕೊಟ್ಟ ಮೊದಲಿಗ 2007ರ 6.7 ಲೀಟರ್ ಕಮ್ಮಿನ್ಸ್. ಉಳಿದಿಬ್ಬರು ಹಿಂಬಾಲಿಸಿದರು. ಈಗ ಮೂರರಲ್ಲೂ ಒಂದು ಗುಂಡಿ ಒತ್ತಿದರೆ, ಬೇಕಾದ ವೇಗವನ್ನು ಗಾಡಿಯೇ ಕಾಯ್ದುಕೊಂಡು ಇಳಿಯುತ್ತದೆ.

ಕುಟುಂಬ ಕೂರಿಸಿಕೊಂಡು ಬೆಟ್ಟ ಇಳಿಯುವವರಿಗೆ 500 ಅಶ್ವಶಕ್ತಿಗಿಂತ ಈ ಗುಂಡಿಯೇ ಹೆಚ್ಚು ಬೆಲೆಯುಳ್ಳದ್ದು. ಶೋರೂಮಿನಲ್ಲಿ ಮಾತ್ರ ಇದರ ಬಗ್ಗೆ ಮಾತಾಡುವವರು ಕಡಿಮೆ.

ಬೆನ್ನು ಹೇಳುವ ಸತ್ಯ

ಸಾವಿರಾರು ಕಿಲೋಮೀಟರ್ ಪ್ರಯಾಣದಲ್ಲಿ ಮೂರರ ಗುಣವೂ ಬೇರೆಯಾಗುವುದು ಮುಂಚಕ್ರಗಳ ಏರ್ಪಾಡಿನಲ್ಲಿ. ಜಿಎಂ ಗಾಡಿಗಳಲ್ಲಿ ಎಡ ಬಲ ಮುಂಚಕ್ರಗಳು ಬಿಡಿಬಿಡಿಯಾಗಿ ಏರಿಳಿಯುತ್ತವೆ. ಫೋರ್ಡ್ ಮತ್ತು ರಾಮ್‌ನ ನಾಲ್ಕು ಚಕ್ರ ಚಾಲನೆಯ ಮಾದರಿಗಳಲ್ಲಿ ಲಾರಿಯ ಹಾಗೆ ಒಂದೇ ಗಟ್ಟಿ ಆಕ್ಸಲ್. ಒಂದು ಚಕ್ರ ಗುಂಡಿಗಿಳಿದರೆ ಇನ್ನೊಂದಕ್ಕೂ ಅದರ ಏಟು. ಹಿಮ ಗುಡಿಸುವ ಭಾರದ ಬ್ಲೇಡು ಹೊರಲು, ಕಾಡುದಾರಿಗೆ ಈ ಆಕ್ಸಲ್ಲೇ ಮೇಲು. ಡಾಂಬರು ರಸ್ತೆಯ ದೂರ ಪ್ರಯಾಣಕ್ಕೆ ಜಿಎಂ ಏರ್ಪಾಡು ಹಿತ; ಸ್ಟಿಯರಿಂಗ್ ಹಗುರ, ಬೆನ್ನಿಗೆ ದಣಿವು ಕಡಿಮೆ.

ಗಟ್ಟಿ ಆಕ್ಸಲ್ಲಿಗೆ ಇನ್ನೊಂದು ಕಾಟವಿದೆ. ಬಾಲ್ ಜಾಯಿಂಟು, ಬುಷ್, ಸ್ಟಿಯರಿಂಗ್ ಡ್ಯಾಂಪರ್ ಸವೆದಾಗ ಹೆದ್ದಾರಿಯ ಒಂದು ಸಣ್ಣ ಉಬ್ಬು ದಾಟಿದರೂ ಮುಂಭಾಗವೆಲ್ಲ ಗಡಗಡ ನಡುಗತೊಡಗುತ್ತದೆ. ‘ಡೆತ್ ವಾಬಲ್’ ಎಂದೇ ಅದರ ಹೆಸರು. ವೇಗ ಪೂರ್ತಿ ತಗ್ಗಿಸುವವರೆಗೂ ನಿಲ್ಲದು. ಬಳಸಿದ ಫೋರ್ಡ್ ಅಥವಾ ರಾಮ್ ಕೊಳ್ಳುವವರು ಮೊದಲು ಗಾಡಿಯ ಕೆಳಗೆ ಮಲಗಿ ಈ ಭಾಗಗಳನ್ನು ಅಲ್ಲಾಡಿಸಿ ನೋಡಬೇಕು.

ಹಿಂಭಾಗದಲ್ಲಿ ರಾಮ್ 2500 ಬೇರೆ ಹಾದಿ ಹಿಡಿದಿದೆ. ಎಲ್ಲರೂ ಲಾರಿಗಿರುವ ಕಮಾನು ಪಟ್ಟಿಗಳನ್ನು ಇಟ್ಟರೆ ಅದು 2014ರಿಂದ ಕಾರಿನಂತೆ ಸುರುಳಿ ಸ್ಪ್ರಿಂಗ್ ಇಟ್ಟಿತು. ಖಾಲಿ ಗಾಡಿ ಕುಲುಕುವುದಿಲ್ಲ, ಆದರೆ ಭಾರ ಬಿದ್ದರೆ ಬೆನ್ನು ಬೇಗ ತಗ್ಗುತ್ತದೆ. ಹೆಚ್ಚಿಗೆ ಹಣ ಕೊಟ್ಟರೆ ಗಾಳಿ ತುಂಬಿದ ಸ್ಪ್ರಿಂಗ್ ಸಿಗುತ್ತದೆ. ನಿತ್ಯ ಖಾಲಿ ಓಡಾಡಿ ವಾರಾಂತ್ಯ ಮಾತ್ರ ಎಳೆಯುವವರಿಗೆ ಇದು ಒಳ್ಳೆಯ ರಾಜಿ.

ಕ್ಯಾಬಿನ್ ವಿಚಾರದಲ್ಲಿ ರಾಮ್ 2019ರಲ್ಲೇ ಮುಂದೆ ಓಡಿತು. ದೊಡ್ಡ ತೆರೆ, ನಿಶ್ಶಬ್ದ, ಮೆತ್ತನೆಯ ಆಸನ. ಜಿಎಂ 2020ರ ಮಾದರಿಯ ಡ್ಯಾಶ್‌ಬೋರ್ಡ್ ಹಳತೆಂದು ಬೈಸಿಕೊಂಡು 2024ಕ್ಕೆ ಪೂರ್ತಿ ಬದಲಿಸಿತು. ಟ್ರೇಲರನ್ನೇ ಪಾರದರ್ಶಕವಾಗಿ ತೋರುವ ಜಿಎಂ ಕ್ಯಾಮೆರಾ, ಟ್ರೇಲರಿನೊಂದಿಗೆ ಹಿಮ್ಮುಖ ಹೋಗುವಾಗ ತಾನೇ ಸ್ಟಿಯರಿಂಗ್ ತಿರುಗಿಸುವ ಫೋರ್ಡಿನ ವ್ಯವಸ್ಥೆ, ಇವೆರಡೂ ಹೊಸಬರ ಬೆವರು ಒರೆಸುವಂಥ ಅನುಕೂಲಗಳೇ ಹೌದು.

ಬೆರಳ ಗಾತ್ರದ ಶತ್ರುಗಳು

ಬಾಳಿಕೆಯ ಮಾತಿಗೆ ಬಂದರೆ ಅಭಿಮಾನಿಗಳ ನಡುವೆ ಹೊಡೆದಾಟವೇ. ಆದರೆ ಮೂವತ್ತೈದು ವರ್ಷಗಳ ಇತಿಹಾಸ ಹರಡಿಕೊಂಡು ಕೂತರೆ ಒಂದು ಸಂಗತಿ ಎದ್ದು ಕಾಣುತ್ತದೆ. ಎಂಜಿನ್ನಿನ ಕಬ್ಬಿಣ ಸೋತದ್ದು ಅಪರೂಪ. ಸೋತದ್ದು ಅದರ ಸುತ್ತಲಿನ ಪುಟ್ಟ ಭಾಗಗಳು.

ಅಮರ ಎನಿಸಿಕೊಂಡ ಮೊದಲ ಕಮ್ಮಿನ್ಸನ್ನೇ ನೋಡಿ. ಮುಂಭಾಗದ ಗೇರ್ ಪೆಟ್ಟಿಗೆಯನ್ನು ಜಾಗದಲ್ಲಿ ಕೂರಿಸಲು ಇಟ್ಟ ಒಂದು ಪುಟ್ಟ ಉಕ್ಕಿನ ಪಿನ್ನು ಕಂಪನಕ್ಕೆ ಜಾರಿ ಹಲ್ಲುಗಾಲಿಗಳ ಮಧ್ಯೆ ಬೀಳುತ್ತಿತ್ತು. ಬಿದ್ದರೆ ಎಂಜಿನ್ನಿಗೆ ಗಂಡಾಂತರ. ತಡೆಯಲು ಬೇಕಿದ್ದದ್ದು ಒಂದು ತಗಡಿನ ತುಂಡು, ಒಂದು ಬೋಲ್ಟು.

ಇತ್ತೀಚಿನ 6.7 ಲೀಟರ್ ಕಮ್ಮಿನ್ಸಿನಲ್ಲಿ ಅಂಥದ್ದೇ ಇನ್ನೊಂದು. ಚಳಿಯಲ್ಲಿ ಒಳಬರುವ ಗಾಳಿಯನ್ನು ಕಾಯಿಸುವ ಜಾಲರಿ ಹೀಟರಿನ ಬೋಲ್ಟು ಸುಟ್ಟು ಕಡಿದು ಸಿಲಿಂಡರಿಗೆ ಬಿದ್ದ ಪ್ರಕರಣಗಳು ಮಾಲೀಕರ ನಿದ್ದೆ ಕೆಡಿಸಿದವು. 2025ರ ಮಾದರಿಯಲ್ಲಿ ಆ ಹೀಟರನ್ನೇ ತೆಗೆದು ಗ್ಲೋ ಪ್ಲಗ್ ಹಾಕಲಾಗಿದೆ.

ಫೋರ್ಡಿನ ಕಹಿ ಅಧ್ಯಾಯ 2003ರಿಂದ 2007ರವರೆಗಿನ 6.0 ಲೀಟರ್. ಆಯಿಲ್ ತಣಿಸುವ ಕೂಲರಿನ ಸಣ್ಣ ಕೊಳವೆಗಳು ಕಟ್ಟಿಕೊಳ್ಳುತ್ತಿದ್ದವು. ಅದರಿಂದ ಹೊಗೆ ತಣಿಸುವ ಇಜಿಆರ್ ಕೂಲರಿಗೆ ನೀರು ಸಾಲದೆ ಅದು ಸೀಳುತ್ತಿತ್ತು, ಕೊನೆಗೆ ಹೆಡ್ ಗ್ಯಾಸ್ಕೆಟ್ ಹೋಗುತ್ತಿತ್ತು. ಮಾಲೀಕರು ಬಲವಾದ ಬೋಲ್ಟು, ಹೊಸ ಕೂಲರ್ ಹಾಕಿಸಿ ‘ಬುಲೆಟ್‌ಪ್ರೂಫ್’ ಮಾಡಿಸಿಕೊಳ್ಳತೊಡಗಿದರು. ಫೋರ್ಡ್ ಮತ್ತು ನ್ಯಾವಿಸ್ಟಾರ್ ಕೋರ್ಟ್ ಮೆಟ್ಟಿಲೇರಿ 2009ರಲ್ಲಿ ರಾಜಿಯಾದವು. 2011ರ ಮಾದರಿಯಿಂದ ಫೋರ್ಡ್ ತನ್ನದೇ 6.7 ಲೀಟರ್ ಎಂಜಿನ್ ತಂದಿತು.

ಜಿಎಂನ ಮೊದಲ ಡ್ಯೂರಾಮ್ಯಾಕ್ಸ್‌ಗೆ ಇಂಜೆಕ್ಟರ್ ಕಾಟ. ವಾಲ್ವ್ ಕವರಿನೊಳಗೆ ಹುದುಗಿದ್ದ ಅವನ್ನು ಬದಲಿಸುವುದೇ ದೊಡ್ಡ ಕೆಲಸ. ಕಂಪನಿ ಅವುಗಳ ವಾರಂಟಿಯನ್ನು ಏಳು ವರ್ಷ ಅಥವಾ 2 ಲಕ್ಷ ಮೈಲಿಗೆ ವಿಸ್ತರಿಸಿತು. ಗೇರ್‌ಬಾಕ್ಸಿನ ಕಂಟ್ರೋಲ್ ವಾಲ್ವ್ ಸವೆದು ಹಿಂಚಕ್ರ ಬಿಗಿಯುವ ಅಪಾಯವಿದೆಯೆಂದು 2024ರಲ್ಲಿ ಸುಮಾರು 4.6 ಲಕ್ಷ ಡೀಸೆಲ್ ವಾಹನಗಳನ್ನು ಅದು ಹಿಂದಕ್ಕೆ ಕರೆಸಬೇಕಾಯಿತು.

ಮೂವರನ್ನೂ ಕಾಡಿದ ಒಂದು ಭಾಗವಿದೆ. ಬಾಷ್ ಕಂಪನಿಯ ‘ಸಿಪಿ4’ ಎಂಬ ಅಧಿಕ ಒತ್ತಡದ ಇಂಧನ ಪಂಪು. ಬಾಷ್ ಬೆಂಗಳೂರಿಗೆ ಹಳೆಯ ನಂಟಸ್ತನದ ಹೆಸರು. 1951ರಲ್ಲಿ ಸ್ಥಾಪನೆಯಾದ ಬಾಷ್‌ನ ಭಾರತೀಯ ಕಂಪನಿ ಮೈಕೊದ ಆಡುಗೋಡಿ ಕಾರ್ಖಾನೆ ದೇಶದ ಲಾರಿ, ಟ್ರ್ಯಾಕ್ಟರುಗಳಿಗೆ ಡೀಸೆಲ್ ಪಂಪು ಮಾಡಿಕೊಟ್ಟ ಮನೆ. ಮೈಕೊ ಲೇಔಟ್ ಅದರ ಹೆಸರಿನಲ್ಲೇ ಇದೆ. ಡೀಸೆಲ್ ಪಂಪಿಗೆ ಡೀಸೆಲ್ಲೇ ಜಿಡ್ಡು ಎಂಬುದು ಆಡುಗೋಡಿಯ ಯಾವ ಫಿಟ್ಟರಿಗೂ ಗೊತ್ತಿರುವ ಮಾತು. ಸಿಪಿ4ರ ಸಂಕಟವೂ ಅಲ್ಲೇ. ಯುರೋಪಿನ ಡೀಸೆಲ್ಲಿನ ಜಿಡ್ಡು ಪರೀಕ್ಷೆಯಲ್ಲಿ ಸವೆತದ ಗುರುತು 460 ಮೈಕ್ರಾನ್ ಮೀರುವಂತಿಲ್ಲ. ಅಮೆರಿಕದಲ್ಲಿ 520ರವರೆಗೂ ಸಹ್ಯ. ಒಣಕಲು ಡೀಸೆಲ್ಲಿನಲ್ಲಿ ಪಂಪಿನೊಳಗಿನ ರೋಲರ್ ಅಡ್ಡ ತಿರುಗಿದರೆ ಉಕ್ಕು ಉಕ್ಕನ್ನು ಕೆರೆಯುತ್ತದೆ. ಲೋಹದ ಪುಡಿ ಇಂಜೆಕ್ಟರುಗಳಿಂದ ಟ್ಯಾಂಕಿನವರೆಗೂ ಹರಡುತ್ತದೆ. ಪೂರ್ತಿ ಇಂಧನ ವ್ಯವಸ್ಥೆಯನ್ನೇ ಬದಲಿಸಬೇಕು. ಖರ್ಚು 10,000 ಡಾಲರಿನ ಆಸುಪಾಸು.

ಜಿಎಂ 2011ರಿಂದ 2016ರವರೆಗೆ ಈ ಪಂಪನ್ನು ಬಳಸಿ 2017ರಲ್ಲಿ ಡೆನ್ಸೊ ಕಂಪನಿಯ ಪಂಪಿಗೆ ಬದಲಾಯಿತು. ರಾಮ್ 2019 ಮತ್ತು 2020ರಲ್ಲಿ ಬಳಸಿ ಕೈಸುಟ್ಟುಕೊಂಡು, 2 ಲಕ್ಷಕ್ಕೂ ಹೆಚ್ಚು ಗಾಡಿಗಳನ್ನು ಹಿಂದಕ್ಕೆ ಕರೆಸಿ ಹಳೆಯ ಸಿಪಿ3ಕ್ಕೆ ಮರಳಿತು. ಫೋರ್ಡ್ 2011ರಲ್ಲಿ ತನ್ನ ಸ್ವಂತ ಎಂಜಿನ್ನಿಗೆ ಆರಿಸಿಕೊಂಡದ್ದೂ ಸಿಪಿ4 ಪಂಪನ್ನೇ. ಅದರ ಮಾಲೀಕರು ಫಿಲ್ಟರನ್ನು ಹೊತ್ತಿಗೆ ಸರಿಯಾಗಿ ಬದಲಿಸಿ, ನೀರು ಬೆರೆತ ಇಂಧನದಿಂದ ದೂರವಿರುವುದೇ ಸುರಕ್ಷಿತ ದಾರಿ.

ಬಾಕ್ಸ್: ಹೊಗೆಯ ಲೆಕ್ಕ

• 2007ರಿಂದ ಮಸಿ ಹಿಡಿಯುವ ಫಿಲ್ಟರ್, 2010ರ ನಂತರ ನೈಟ್ರೋಜನ್ ಆಕ್ಸೈಡ್ ತಗ್ಗಿಸಲು ಯೂರಿಯಾ ದ್ರಾವಣ. ಮಸಿ ಸುಡಲು ಎಕ್ಸಾಸ್ಟ್ ಚೆನ್ನಾಗಿ ಕಾಯಬೇಕು. ಎಂಜಿನ್ ಬಿಸಿಯಾಗುವ ಮೊದಲೇ ಮುಗಿಯುವ ಓಡಾಟಕ್ಕೆ ಬಳಸಿದರೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ.

• 2013ರಿಂದ 2019ರವರೆಗಿನ ಸುಮಾರು 6.3 ಲಕ್ಷ ರಾಮ್ ಪಿಕಪ್‌ಗಳ ಎಂಜಿನ್ನಿಗೆ ಮಾಲಿನ್ಯ ನಿಯಂತ್ರಣ ತಪ್ಪಿಸುವ ಸಾಫ್ಟ್‌ವೇರ್ ಹಾಕಿದ ಆರೋಪಕ್ಕೆ ಕಮ್ಮಿನ್ಸ್ 167.5 ಕೋಟಿ ಡಾಲರ್ ದಂಡಕ್ಕೆ ಒಪ್ಪಿತು. ಅಮೆರಿಕದ ಶುದ್ಧ ಗಾಳಿ ಕಾಯ್ದೆಯಡಿ ವಿಧಿಸಿದ ಅತಿ ದೊಡ್ಡ ಸಿವಿಲ್ ದಂಡ ಅದು.

ಹಾಗಾದರೆ ಯಾವುದು?

ಮೊದಲು ಕೇಳಬೇಕಾದದ್ದು ಡೀಸೆಲ್ ಬೇಕೇ ಎಂಬುದನ್ನು. ಪೆಟ್ರೋಲ್ ಎಂಜಿನ್ನಿಗಿಂತ ಸುಮಾರು 10,000 ಡಾಲರ್ ಹೆಚ್ಚು ಕೊಡಬೇಕು. ನಿರ್ವಹಣೆಯೂ ದುಬಾರಿ. ವರ್ಷಕ್ಕೆ ಎರಡು ಸಲ ದೋಣಿ ಎಳೆದು, ಉಳಿದ ದಿನ ಮಕ್ಕಳನ್ನು ಶಾಲೆಗೆ ಬಿಡುವವರಿಗೆ ಫೋರ್ಡ್ 2020ರಲ್ಲಿ ತಂದ 7.3 ಲೀಟರಿನ ಪೆಟ್ರೋಲ್ ವಿ8ನಂಥ ಎಂಜಿನ್ ಧಾರಾಳ. ವರ್ಷವಿಡೀ ಭಾರ ಎಳೆಯುವವರಿಗೆ, ಬೆಟ್ಟದ ಸೀಮೆಯಲ್ಲಿ ಬಾಳುವವರಿಗೆ ಮಾತ್ರ ಡೀಸೆಲ್ ಕೊಟ್ಟ ದುಡ್ಡಿಗೆ ನ್ಯಾಯ ಸಲ್ಲಿಸುತ್ತದೆ.

ಅಂಥವರಿಗೆ ಈ ಲೇಖನದ ತೀರ್ಪು ಹೀಗಿದೆ. ದೂರದ ಹೆದ್ದಾರಿ, ಮನೆಮಂದಿ, ಸಾಧಾರಣದಿಂದ ಭಾರೀ ಟ್ರೇಲರ್ ಎಂದಾದರೆ ಜಿಎಂ. ಮುಂಚಕ್ರದ ಹಿತ, ಡೆನ್ಸೊ ಪಂಪು, ಪಳಗಿದ ಎಂಜಿನ್ ಮೂರೂ ಅದರ ಪರ. 2020ರಿಂದ 2022ರ ಗಾಡಿಯಾದರೆ ಗೇರ್‌ಬಾಕ್ಸ್ ರಿಕಾಲ್ ಕೆಲಸ ಮುಗಿದಿದೆಯೇ ಎಂದು ಕೇಳಲೇಬೇಕು. ಜೆಸಿಬಿ, ಹುಲ್ಲಿನ ಬೇಲು, ಕಟ್ಟಡ ಸಾಮಗ್ರಿ ಎಳೆದು ಸಂಪಾದಿಸುವವರಿಗೆ ಫೋರ್ಡ್. ಶಕ್ತಿಯಲ್ಲಿ, ಮಾದರಿಗಳ ಆಯ್ಕೆಯಲ್ಲಿ ಅದಕ್ಕೆ ಸಾಟಿಯಿಲ್ಲ. ಹದಿನೈದು ಇಪ್ಪತ್ತು ವರ್ಷ ಇಟ್ಟುಕೊಂಡು ತಾವೇ ಸ್ಪ್ಯಾನರ್ ಹಿಡಿಯುವವರಿಗೆ ರಾಮ್. ಒಂದೇ ಸಾಲಿನ ಆರು ಸಿಲಿಂಡರಿನ ಸುತ್ತ ಕೈಯಾಡಿಸಲು ವಿ8ಗಳಲ್ಲಿ ಇಲ್ಲದಷ್ಟು ಜಾಗವಿದೆ, ಬಿಡಿಭಾಗ ಎಲ್ಲೆಡೆ ಸಿಗುತ್ತದೆ. ಹೀಟರ್ ಬೋಲ್ಟಿನ ಚಿಂತೆ ಬೇಡವೆಂದರೆ 2025 ಅಥವಾ ಆಮೇಲಿನ ಮಾದರಿ ನೋಡಬೇಕು.

ಕೊಳ್ಳುವವರು ನಿಮ್ಮ ಮನೆಯವರೇ ಆಗಿದ್ದರೆ ಅವರಿಗೆ ಒಂದು ಮಾತು ಹೇಳಿ. ಚಾಲಕನ ಬಾಗಿಲು ತೆರೆದರೆ ಅಂಚಿನಲ್ಲಿ ಆ ಗಾಡಿಯದೇ ತೂಕದ ಮಿತಿ ಅಚ್ಚಾದ ಚೀಟಿ ಅಂಟಿಸಿರುತ್ತದೆ. ಕರಪತ್ರದ ಅಂಕಿಯನ್ನು ಬದಿಗಿಟ್ಟು ಆ ಚೀಟಿಯ ಫೋಟೊ ತೆಗೆದುಕೊಳ್ಳಲಿ. ಟ್ರೇಲರ್ ತುಂಬಿದ ಮೇಲೆ ಒಮ್ಮೆ ಹೆದ್ದಾರಿಯ ಟ್ರಕ್ ಸ್ಟಾಪಿನಲ್ಲಿರುವ ತೂಕದ ಸೇತುವೆಗೆ ಹತ್ತಿಸಿ ಎರಡನ್ನೂ ಹೋಲಿಸಿ ನೋಡಲಿ. ಮಿತಿ ಮೀರಿದ್ದರೆ ಪ್ರಯಾಣಕ್ಕೆ ಹೊರಡುವ ಮೊದಲೇ ಸಾಮಾನು ಇಳಿಸಲಿ.